ಅಕ್ಕನ ಜೊತೆ ಗುಡ್ಡ ಹತ್ತಿದ ಬೇಸಿಗೆ

ಆಗೆಲ್ಲ ನಮ್ಮ ಕುವೆಂಪುನಗರದ ಮನೆಗಳಲ್ಲಿ ಕಂಪ್ಯೂಟರಿಗೆ ಬಟ್ಟೆ ಹೊದಿಸಿ ಇಡುತ್ತಿದ್ದರು. ಧೂಳು ಬೀಳಬಾರದು, ಮಕ್ಕಳು ಮುಟ್ಟಬಾರದು. ನಮ್ಮ ಮನೆಯದೇನೂ ಹೊಸದಲ್ಲ. ಅಪ್ಪನಿಗೆ ಝೆರಾಕ್ಸ್ ಮತ್ತು ಡಿ.ಟಿ.ಪಿ. ಅಂಗಡಿ ಇತ್ತು. ಅಲ್ಲಿ ವರ್ಷಗಟ್ಟಲೆ ಮದುವೆ ಕಾಗದ ಟೈಪು ಮಾಡಿ ಮಾಡಿ ಹಳತಾದ ಕಂಪ್ಯೂಟರನ್ನು ಮನೆಗೆ ತಂದು ಹಿಂದಿನ ಸಣ್ಣ ಕೋಣೆಯಲ್ಲಿಟ್ಟಿದ್ದರು. ಕೀಲಿಗಳ ಮೇಲಿನ ಅಕ್ಷರ ಅರ್ಧಕ್ಕರ್ಧ ಅಳಿಸಿಹೋಗಿತ್ತು. ಆದರೂ ಅದರ ಮೇಲೊಂದು ಕಸೂತಿ ಹಾಕಿದ ಬಟ್ಟೆ.

ನಾನು ಏಳನೇ ಕ್ಲಾಸು ಮುಗಿಸಿದ್ದೆ. ಸುಮಕ್ಕ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದು ಕೂತಿದ್ದಳು. ಆ ವರ್ಷವಿಡೀ ಅಕ್ಕ ನನ್ನ ಜೊತೆ ಆಡಿರಲಿಲ್ಲ. ಕುಂಟೆಬಿಲ್ಲೆಗೆ ಕರೆದರೆ "ಹೋಗೇ, ನಿಂಗೊಂದು ಆಟ" ಅನ್ನುತ್ತಿದ್ದಳು. ರಾತ್ರಿ ಪಕ್ಕದಲ್ಲೇ ಮಲಗಿದರೂ ಗೋಡೆ ಕಡೆ ತಿರುಗಿಕೊಳ್ಳುತ್ತಿದ್ದಳು. ನಾನೇನು ತಪ್ಪು ಮಾಡಿದೆನೋ ಎಂದು ಎಷ್ಟೋ ಸಲ ಯೋಚಿಸಿದ್ದೆ.

ರಜೆ ಶುರುವಾದ ಹೊಸದರಲ್ಲಿ ಮೇಟಗಳ್ಳಿಯ ಸೋದರಮಾವನ ಮನೆಗೆ ಹೋಗಿದ್ದೆವು. ಮಾವನ ಮಗ ರವಿ ನಮಗೊಂದು ಕಂಪ್ಯೂಟರ್ ಆಟದ ಸಿ.ಡಿ. ಕೊಟ್ಟ. "ಇದ್ರಲ್ಲಿ ಎಲ್ಲಿಗ್ ಬೇಕಾದ್ರೂ ಹೋಗ್ಬೋದು ಕಣೇ, ಯಾರೂ ಬೇಡ ಅನ್ನಲ್ಲ" ಅಂದ. ಹೇಳುವಾಗ ಅವನಿಗೆ ಸಣ್ಣಗೆ ಜ್ವರ. ನಾವು ಮನೆಗೆ ಬಂದ ಮೇಲೆ ಅವನ ಮೈತುಂಬ ಗುಳ್ಳೆ ಎದ್ದ ಸುದ್ದಿ ಬಂತು. ಎರಡು ವಾರ ಕಳೆಯುವಷ್ಟರಲ್ಲಿ ನಮ್ಮಿಬ್ಬರಿಗೂ ಎದ್ದವು. ಹೀಗೆ ಸೀತಾಳೆ ಸಿಡುಬೂ ಸಿ.ಡಿ.ಯೂ ಒಂದೇ ಮನೆಯಿಂದ ಬಂದವು.

"ಸಿಡುಬು ಅನ್ಬ್ಯಾಡ್ರಿ, ಅಮ್ಮ ಆಗಿದೆ ಅನ್ನಿ" ಎಂದು ಅಜ್ಜಿ ಗದರಿದರು. ಹಿಂದಿನ ಕೋಣೆಗೆ ಬೇವಿನ ಸೊಪ್ಪು ಹಾಸಿ ನಮ್ಮನ್ನು ಸೇರಿಸಿದರು. ಅಡುಗೆ ಮನೆಯಲ್ಲಿ ಒಗ್ಗರಣೆ ನಿಂತುಹೋಯಿತು. ಗಂಜಿ, ಮೊಸರನ್ನ, ಎಳನೀರು. ಅಪ್ಪನಿಗೆ ಚಿಕ್ಕಂದಿನಲ್ಲಿ ಸಿಡುಬು ಆಗಿರಲಿಲ್ಲವಾದ್ದರಿಂದ ಅವರು ಆ ಕೋಣೆಯ ಹೊಸ್ತಿಲು ದಾಟುವಂತಿರಲಿಲ್ಲ. ಜ್ವರ ಇಳಿದ ಮೇಲೆ ಬರೀ ನವೆ ಉಳಿಯಿತು. ಅದನ್ನು ಮರೆಸಲಿಕ್ಕೆಂದೇ ಅಮ್ಮ ಕಂಪ್ಯೂಟರಿನ ಬಟ್ಟೆ ತೆಗೆದುಕೊಟ್ಟಳು.

ಅಲ್ಲಿಯವರೆಗೆ ನಾವು ಆಡಿದ್ದು ಕಾರು ಓಡಿಸುವ ಆಟ ಮಾತ್ರ. ರವಿ ಕೊಟ್ಟ ಆಟದಲ್ಲಿ ಒಬ್ಬ ಹುಡುಗಿ ಕೈಯಲ್ಲಿ ಮೊಂಡು ಕತ್ತಿ ಹಿಡಿದು ಒಂದು ಹಳ್ಳಿಯ ಬಾಗಿಲಲ್ಲಿ ನಿಂತಿದ್ದಳು. ಗಾಳಿಗೆ ಹುಲ್ಲು ಅಲ್ಲಾಡುತ್ತಿತ್ತು. ಮುಂದೇನು ಮಾಡಬೇಕೆಂದು ಯಾರೂ ಹೇಳಲಿಲ್ಲ. ನಾನು ಸಿಕ್ಕಿದವರಿಗೆಲ್ಲ ಕತ್ತಿ ಬೀಸಿದೆ. ಕಾವಲುಗಾರ ಬಂದು ಕೊಂದುಹಾಕಿದ. ಮತ್ತೆ ಶುರು ಮಾಡಿದೆ, ಕಾಡಿಗೆ ಓಡಿದೆ, ತೋಳ ತಿಂದಿತು. ಚಾಪೆಯ ಮೇಲೆ ಮಲಗಿ ನೋಡುತ್ತಿದ್ದ ಅಕ್ಕ ಎದ್ದು ಬಂದಳು.

"ಆ ಕಡೆ ಸರ್ಕೊಳೇ. ಮೊದ್ಲು ಮಾತಾಡ್ಸು. ಬರ್ದಿರೋದನ್ನ ಓದು."

ಅವಳು ಇಂಗ್ಲಿಷ್ ಓದಿ ಅರ್ಥ ಹೇಳಿದಳು, ನಾನು ಕೀಲಿ ಒತ್ತಿದೆ. ಮೌಸು ಅವಳ ಕೈಯಲ್ಲಿ, ನಡೆಸುವುದು ನನ್ನದು. ಇಬ್ಬರು ಸೇರಿ ಒಬ್ಬಳಾದೆವು.

ಹಳ್ಳಿಯಾಚೆ ದೂರದಲ್ಲಿ ಒಂದು ನೀಲಿ ಗುಡ್ಡ ಕಾಣುತ್ತಿತ್ತು. ಅಲ್ಲಿಗೆ ಹೋಗೋಣ ಅಂದೆ.

"ಅದು ಬರೀ ಚಿತ್ರ ಕಣೇ. ಕಾರಿನ ಆಟದಲ್ಲಿ ಇರಲ್ವಾ, ಅಂಗೇ. ಎಷ್ಟ್ ಹೋದ್ರೂ ಸಿಗಲ್ಲ."

"ನೋಡೋಣ ಬಾರೇ."

ನಡೆದೆವು. ಹೊಳೆ ಬಂತು, ಈಜಿದೆವು. ಮಂಜು ಬಂತು. ಕರೆಂಟು ಹೋಗಿ, ಸೇವ್ ಮಾಡದೆ ಇದ್ದುದರಿಂದ ಅಷ್ಟೂ ದಾರಿ ಮಣ್ಣುಪಾಲಾಯಿತು. ಸಾಯಂಕಾಲ ಕರೆಂಟು ಬಂದಾಗ ಅಕ್ಕನೇ "ಹೂಂ, ಮತ್ತೆ ನಡಿ" ಅಂದಳು. ಮಂಜು ಸರಿಯುತ್ತಿದ್ದಂತೆ ನೀಲಿ ಹೋಗಿ ಕಂದು ಬಂತು, ಕಂದಿನೊಳಗಿನಿಂದ ಕಲ್ಲು ಕಂಡವು, ಕಲ್ಲಿನ ನಡುವೆ ಮೆಟ್ಟಿಲು. ಗುಡ್ಡ ನಿಜವಾಗಿ ಅಲ್ಲೇ ಇತ್ತು! ತುದಿಯಲ್ಲಿ ನಿಂತು ತಿರುಗಿದರೆ ನಾವು ಬಿಟ್ಟು ಬಂದ ಹಳ್ಳಿಯಲ್ಲಿ ದೀಪ ಹತ್ತುತ್ತಿತ್ತು. ಅಕ್ಕ ನನ್ನ ತೋಳು ಹಿಡಿದುಕೊಂಡಳು. ಗುಳ್ಳೆ ಉರಿದರೂ ನಾನು ಬಿಡಿಸಿಕೊಳ್ಳಲಿಲ್ಲ.

ಎಳನೀರು ತಂದ ಅಜ್ಜಿ ಬಗ್ಗಿ ನೋಡಿದರು. "ಯಾರೇ ಅವ್ಳು? ಒಬ್ಳೇ ಬೆಟ್ಟ ಹತ್ತವ್ಳಲ್ಲ, ಮನೇಲಿ ಯಾರೂ ಇಲ್ವಾ ಅವ್ಳಿಗೆ?"

"ಇಲ್ಲ ಅಜ್ಜಿ, ಅವ್ಳು ಎಲ್ಲಿ ಬೇಕಾದ್ರೂ ಮಲ್ಕೋತಾಳೆ" ಅಂದೆ.

"ಪಾಪ" ಎಂದು ಅಜ್ಜಿ ಬೇವಿನ ಎಸಳಿನಿಂದ ನಮ್ಮ ಬೆನ್ನು ಸವರಿದರು. "ಕೆರ್ಕೋಬ್ಯಾಡ್ರಿ, ಕಲೆ ನಿಂತ್ಬುಡುತ್ತೆ."

ಆ ದಿನಗಳಲ್ಲಿ ಅಕ್ಕ ಮಾತಾಡತೊಡಗಿದಳು. ಪರದೆಯ ಮೇಲೆ ಹುಡುಗಿ ನಡೆಯುತ್ತಿರುವಾಗ, ನನ್ನ ಮುಖ ನೋಡದೆ ಹೇಳುತ್ತಿದ್ದಳು. ಒಂದು ಮಧ್ಯಾಹ್ನ, ಕಾಡಿನ ದಾರಿಯಲ್ಲಿ, "ಅಪ್ಪ ನನ್ನ ಮಂಗಳೂರು ಕಡೆ ಹಾಸ್ಟೆಲ್ ಕಾಲೇಜಿಗೆ ಹಾಕ್ತಾರಂತೆ" ಅಂದಳು. "ನಂಗೆ ಹೋಗಕ್ಕೆ ಇಷ್ಟ ಇಲ್ಲ. ಭಯ ಆಗುತ್ತೆ."

ವರ್ಷವಿಡೀ ಗೋಡೆಗೆ ಮುಖ ಮಾಡಿದ್ದು ಇದಕ್ಕೇ ಎಂದು ಆಗ ತಿಳಿಯಿತು.

"ಅಪ್ಪಂಗೆ ಹೇಳು."

"ನೀನ್ ಹೇಳಿದಷ್ಟು ಸುಲಭಾನಾ? ಅವ್ರು ಎಷ್ಟು ಆಸೆ ಇಟ್ಕೊಂಡಿದಾರೆ ಗೊತ್ತಾ?"

ಅಂದು ಸಂಜೆ ಅಂಗಡಿಯಿಂದ ಬಂದ ಅಪ್ಪ ಎಂದಿನಂತೆ ಹೊಸ್ತಿಲಾಚೆ ಸ್ಟೂಲು ಹಾಕಿಕೊಂಡು ಕೂತರು. ನಾವು ಆಡುವುದನ್ನು ನೋಡುತ್ತಾ ಕೇಳಿದರು. "ಇದ್ರಲ್ಲಿ ಗೆಲ್ಲೋದು ಯಾವಾಗ್ರಮ್ಮ?"

"ಗೆಲ್ಲೋದು ಅಂತ ಏನಿಲ್ಲಪ್ಪ. ತಿರುಗಾಡ್ತಾ ಇರೋದು" ಅಂದಳು ಅಕ್ಕ.

"ಬರೀ ತಿರುಗಾಡೋದಾ? ಎಲ್ಲಿಗೆ ಹೋಗ್ಬೇಕು ಅಂತ ಯಾರ್ ಹೇಳ್ತಾರೆ?"

"ಯಾರೂ ಹೇಳಲ್ಲ."

ಅಪ್ಪ ನಕ್ಕರು. ಅಕ್ಕ ನಗಲಿಲ್ಲ. ನಾನು ಮೇಜಿನ ಕೆಳಗೆ ಅವಳ ಕಾಲು ತುಳಿದೆ. ಅವಳು ಹಿಂದೆ ತಿರುಗದೆ, ಕಣ್ಣು ಪರದೆಯಲ್ಲೇ ನೆಟ್ಟು ಹೇಳಿದಳು. "ಅಪ್ಪ, ನಾನು ಹಾಸ್ಟೆಲ್‌ಗೆ ಹೋಗಲ್ಲ. ಇಲ್ಲೇ ಓದ್ತೀನಿ."

ನಾನು ಕೀಲಿಯಿಂದ ಕೈ ತೆಗೆದೆ. ಪರದೆಯ ಹುಡುಗಿ ನಿಂತಳು. ಅಪ್ಪ ಸ್ಟೂಲು ಎತ್ತಿಕೊಂಡು ಹೊರಟುಹೋದರು. ಒಳಗೆ ಅಮ್ಮನ ಜೊತೆ ಅಪ್ಪ ಮೆಲ್ಲಗೆ ಮಾತಾಡುವುದು ಕೇಳುತ್ತಿತ್ತು, ಏನೆಂದು ತಿಳಿಯುತ್ತಿರಲಿಲ್ಲ.

ಮಾರನೆಯ ದಿನವೂ ಅವರು ಆ ಮಾತೆತ್ತಲಿಲ್ಲ. ಅದರ ಮರುದಿನ ಬೆಳಿಗ್ಗೆ ಅಂಗಡಿಗೆ ಹೊರಟವರು ಹೊಸ್ತಿಲ ಬಳಿ ನಿಂತರು. "ಸುಮಾ, ಇಲ್ಲಿ ಹತ್ರದ ಕಾಲೇಜಲ್ಲೇ ಅರ್ಜಿ ತರ್ತೀನಿ. ಬಸ್ಸಲ್ಲಿ ಓಡಾಡ್ಬೇಕಾಗುತ್ತೆ, ಆಗುತ್ತಾ?"

"ಆಗುತ್ತಪ್ಪ."

"ಇಷ್ಟು ದಿನ ಯಾಕಮ್ಮ ಹೇಳ್ಲಿಲ್ಲ?"

ಅಕ್ಕ ಅತ್ತುಬಿಟ್ಟಳು. ಒಳಗೆ ಬರಲಾರದ ಅಪ್ಪ ಹೊಸ್ತಿಲಲ್ಲೇ ನಿಂತು "ಅಳ್ಬೇಡ ಕಣಮ್ಮ, ಅಳ್ಬೇಡ" ಅನ್ನುತ್ತಿದ್ದರು.

ಗುಳ್ಳೆ ಒಣಗಿದವು. ಬಿಸಿಲಿಗಿಟ್ಟ ಬೇವಿನ ನೀರನ್ನು ಅಜ್ಜಿ ನಮ್ಮ ತಲೆಗೆ ಹೊಯ್ದರು. ಕೋಣೆ ಗುಡಿಸಿ, ಸಾರಿಗೆ ಒಗ್ಗರಣೆ ಹಾಕಿದಾಗ ಮನೆಯೆಲ್ಲ ಸಾಸಿವೆ, ಇಂಗಿನ ಘಮ. ನಾವಿಬ್ಬರೂ ಎರಡೆರಡು ಸಲ ಬಡಿಸಿಕೊಂಡೆವು.

ಅಕ್ಕ ದೂರ ಹೋಗಲಿಲ್ಲ. ಇನ್ನು ಹೀಗೇ ಇರುತ್ತದೆ ಎಂದು ನಾನು ತಿಳಿದಿದ್ದೆ. ಆದರೆ ಕಾಲೇಜು ಶುರುವಾಯಿತು, ಬೆಳಗಿನ ಜಾವದ ಟ್ಯೂಷನ್ ಶುರುವಾಯಿತು, ಗೆಳತಿಯರು ಬಂದರು. ಅಕ್ಕ ಸಂತೋಷವಾಗಿದ್ದಳು. ನನ್ನನ್ನು ಕಂಡರೆ ನಗುತ್ತಿದ್ದಳು. "ಭಾನುವಾರ ಆಡೋಣ ಕಣೇ" ಅನ್ನುತ್ತಿದ್ದಳು. ಒಂದು ದಿನ ಕಂಪ್ಯೂಟರು ಕೆಟ್ಟಿತು. ಅಂಗಡಿಯ ಹುಡುಗರು ಫಾರ್ಮ್ಯಾಟ್ ಮಾಡಿದರು. ನಮ್ಮ ಹುಡುಗಿ ಎಲ್ಲಿದ್ದಳೋ ಅಲ್ಲೇ ಅಳಿಸಿಹೋದಳು. ಅಕ್ಕನಿಗೆ ಹೇಳಿದಾಗ "ಅಯ್ಯೋ ಪಾಪ" ಅಂದಳು, ಅಷ್ಟೇ.

ಈಗಲೂ ಅಕ್ಕ ಇದೇ ಊರಲ್ಲಿದ್ದಾಳೆ. ಸ್ಕೂಟರಿನಲ್ಲಿ ಹೋದರೆ ಎಷ್ಟು ಹೊತ್ತಿನ ದಾರಿ? ಹಬ್ಬಕ್ಕೆ, ನಾಮಕರಣಕ್ಕೆ ಸಿಗುತ್ತೇವೆ. ಮಕ್ಕಳ ಶಾಲೆ, ಅಪ್ಪನ ಬಿ.ಪಿ. ಮಾತ್ರೆ, ಇವೇ ಮಾತು. ಮುಖ ನೋಡಿಕೊಂಡೇ ಮಾತಾಡುತ್ತೇವೆ, ಆದರೆ ಭಯ ಆಗುತ್ತೆ ಎಂದು ಅವಳೂ ಹೇಳುವುದಿಲ್ಲ, ನಾನೂ ಹೇಳುವುದಿಲ್ಲ.

ಹೋದ ವರ್ಷ ಆ ಹಳೆಯ ಆಟ ಮತ್ತೆ ಸಿಕ್ಕಿತು. ಎಲ್ಲಿ ಏನಿದೆ, ಯಾವ ದಾರಿ ಎಲ್ಲಿಗೆ ಹೋಗುತ್ತದೆ, ಎಲ್ಲದರ ನಕ್ಷೆ ಇಂಟರ್‌ನೆಟ್ಟಿನಲ್ಲಿದೆ. ಆ ನಕ್ಷೆಯನ್ನು ನಾನು ತೆರೆದು ನೋಡಿಲ್ಲ. ಆಟ ಹಾಕಿದೆ. ಒಂದು ಕೈ ಕೀಲಿಗಳ ಮೇಲಿತ್ತು. ಇನ್ನೊಂದು ಕೈಯಿಂದ ಮೌಸನ್ನೂ ನಾನೇ ಹಿಡಿಯಬೇಕೆಂಬುದು ನನಗೆ ಸ್ವಲ್ಪ ಹೊತ್ತು ಹೊಳೆಯಲೇ ಇಲ್ಲ.