ಸದರಿ ಉಬ್ಬಿನ ವಿಚಾರ

ಬೋರ್ಡಣ್ಣನಿಗೆ ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಅದು ಈಗ ಅವನ ಹೆಂಡತಿಗೆ, ಗುರುತಿನ ಚೀಟಿಗೆ ಬಿಟ್ಟರೆ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮೂವತ್ತು ವರ್ಷ ಅಂಗಡಿಗಳ ಬೋರ್ಡು ಬರೆದ ಕೈ ಅವನದು. ಅವನು ಬರೆದ 'ಕ' ನೋಡಿದರೆ ಕೈಯಲ್ಲಿ ಎತ್ತಿಕೊಳ್ಳೋಣ ಅನ್ನಿಸುತ್ತಿತ್ತು ಎಂದು ಕನ್ನಡಕದಂಗಡಿಯವರು ಇವತ್ತಿಗೂ ಹೇಳುತ್ತಾರೆ. ಹೇಳುತ್ತಾರೆ ಅಷ್ಟೇ, ಅವರ ಅಂಗಡಿಯ ಮೇಲೆ ಈಗ ನೇತಾಡುತ್ತಿರುವುದು ಫ್ಲೆಕ್ಸು. ಮೆಷೀನು ಬಂತು, ಒಂದು ಗಂಟೆಯಲ್ಲಿ ಹತ್ತು ಬೋರ್ಡು ಉಗುಳಿತು, ಬೋರ್ಡಣ್ಣನ ಬ್ರಷ್ಷುಗಳು ಡಬ್ಬಿಯಲ್ಲೇ ಒಣಗಿದವು. ಈಗ ಅವನು ಗೇಟಿಗೆ, ಕಿಟಕಿ ಸರಳಿಗೆ ಬಣ್ಣ ಬಳಿದು ದಿನ ತಳ್ಳುತ್ತಿದ್ದ.

ಆದರೂ ಒಂದು ಗೌರವ ಉಳಿದಿತ್ತು. ಬೀದಿಯ ಅರ್ಜಿಗಳನ್ನೆಲ್ಲ ಬರೆಯುವವನು ಅವನೇ. ನಲ್ಲಿಯಲ್ಲಿ ನೀರು ಬರಲಿಲ್ಲ, ದೀಪ ಉರಿಯಲಿಲ್ಲ ಅಂದರೆ ಜನ ಅವನ ಮುಂಬಾಗಿಲಿಗೆ ಬರುತ್ತಿದ್ದರು. ಅವನು ಕೈ ತೊಳೆದುಕೊಂಡು, ಉದ್ದನೆಯ ಗೆರೆ ಹಾಳೆ ತೆಗೆದು, 'ಮಾನ್ಯರೇ' ಎಂದು ಶುರು ಮಾಡಿದನೆಂದರೆ ಎದುರಿಗೆ ನಿಂತವರು ಉಸಿರು ಬಿಗಿಹಿಡಿದು ನೋಡಬೇಕು, ಹಾಗಿತ್ತು ಆ ಅಕ್ಷರ.

ಆ ಅರ್ಜಿಗಳಲ್ಲೆಲ್ಲ ದೊಡ್ಡದು ತಿರುವಿನದು. ದೊಡ್ಡ ರಸ್ತೆಯಿಂದ ಇಳಿಜಾರಿನಲ್ಲಿ ಬರುವ ಗಾಡಿಗಳು ಚಿಕ್ಕ ಮಕ್ಕಳ ಶಾಲೆಯ ಮುಂದೆ ಗಕ್ಕನೆ ತಿರುಗಬೇಕು. ಬ್ರೇಕು ಎನ್ನುವುದು ಒಂದಿದೆ ಎಂದು ಅಲ್ಲಿಯವರೆಗೆ ಯಾರಿಗೂ ನೆನಪಾಗುವುದಿಲ್ಲ. ಆ ಶಾಲೆಯಲ್ಲಿ ಬೋರ್ಡಣ್ಣನ ಹೆಂಡತಿಯೇ ಆಯಾ. ದಿನಾ ಎರಡು ಹೊತ್ತು ಮಡಚಿದ ಕೊಡೆಯನ್ನು ರಸ್ತೆಗೆ ಅಡ್ಡ ಹಿಡಿದು, ಗಾಡಿ ನಿಲ್ಲಿಸಿ, ಮಕ್ಕಳನ್ನು ದಾಟಿಸುವವಳು ಅವಳು. ಎರಡು ವರ್ಷದ ಹಿಂದೆ ಬೈಕಿನ ಕನ್ನಡಿ ಬಡಿದು ಅವಳ ಬಲಗೈ ಮಣಿಕಟ್ಟು ಮುರಿದಿತ್ತು. ಮೂಳೆ ಕೂಡಿತು, ಆದರೆ ಒದ್ದೆ ಬಟ್ಟೆ ಹಿಂಡುವಾಗ ಇವತ್ತಿಗೂ ಅವಳ ಮುಖ ಕಿವುಚಿಕೊಳ್ಳುತ್ತದೆ.

ಅಲ್ಲೊಂದು ರಸ್ತೆ ಉಬ್ಬು, ಜನರ ಬಾಯಲ್ಲಿ ಹಂಪ್, ಬೇಕೆಂದು ಬೋರ್ಡಣ್ಣ ಒಂಬತ್ತು ವರ್ಷದಲ್ಲಿ ಒಂಬತ್ತು ಅರ್ಜಿ ಬರೆದಿದ್ದ. ಬೀದಿಯ ಪರವಾಗಿ ತಾನೊಬ್ಬನೇ ಸಹಿ ಹಾಕುತ್ತಿದ್ದ, ಆ ಯಾರಿಗೂ ಗೊತ್ತಿಲ್ಲದ ಹೆಸರಿನಲ್ಲಿ. ಪುರಸಭೆಯಿಂದ ಪ್ರತಿ ಸಲ ಉತ್ತರವೂ ಬರುತ್ತಿತ್ತು: 'ಸ್ಥಳ ಪರಿಶೀಲಿಸಲಾಗಿ, ಸದರಿ ತಿರುವಿನಲ್ಲಿ ಯಾವುದೇ ಉಬ್ಬು ಕಂಡುಬಂದಿರುವುದಿಲ್ಲ. ಅರ್ಜಿಯನ್ನು ವಿಲೇವಾರಿ ಮಾಡಲಾಗಿದೆ.' ಬೋರ್ಡಣ್ಣ ಅದನ್ನು ಅಂಗಡಿ ಕಟ್ಟೆಯ ಮೇಲೆ ಓದಿ ಹೇಳುತ್ತಿದ್ದ. "ನೋಡಿ, ಉಬ್ಬು ಇಲ್ಲ ಅಂತ ಅವರೇ ಒಪ್ಪಿಕೊಂಡಿದಾರೆ. ಮೇಲಿನವರಿಗೆ ಹೋಗಿದೆ. ಸರ್ಕಾರದ ಕೆಲಸ, ನಿಧಾನ." ಜನ ತಲೆಯಾಡಿಸುತ್ತಿದ್ದರು. ಅವನು ಉತ್ತರವನ್ನು ಹಸಿರು ಕಡತಕ್ಕೆ ಸೇರಿಸಿ ದಾರ ಕಟ್ಟುತ್ತಿದ್ದ.

ಹೀಗಿರುವಾಗ ಎದುರುಸಾಲಿನ ಹಿಂದಿನ ಮನೆಗೆ ಕಂಡಕ್ಟರಮ್ಮ ಬಾಡಿಗೆಗೆ ಬಂದಳು. ನಲವತ್ತರ ಹೆಂಗಸು, ಬಸ್ಸಿನಲ್ಲಿ ಹದಿನೈದು ವರ್ಷ ಕೂಗಿ ಕೂಗಿ ಗಂಟಲು ಗಟ್ಟಿಯಾಗಿತ್ತು. ನಾಲ್ಕು ಜನ ನಿಂತಿದ್ದರೆ "ಸ್ವಲ್ಪ ಒಳಗೆ ಹೋಗಿ" ಅನ್ನುವ ಅಭ್ಯಾಸ ಮನೆಗೂ ಬಂದಿತ್ತು. ಬಂದು ಮೂರು ತಿಂಗಳಾಗಿಲ್ಲ, ಶಾಲೆಯ ಹಾಲ್‌ನಲ್ಲಿ ಪುರಸಭೆಯವರು ನಡೆಸಿದ ಕುಂದುಕೊರತೆ ಸಭೆಯಲ್ಲಿ ಎದ್ದು ನಿಂತುಬಿಟ್ಟಳು.

"ಸಾರ್, ನಮ್ಮ ತಿರುವಲ್ಲಿ ಹಂಪ್ ಇಲ್ಲ. ಒಂದು ಹಾಕ್ಸಿ," ಅಂದಳು. ಅಷ್ಟೇ. ಮಾನ್ಯರೇ ಇಲ್ಲ, ತಾವು ಬಲ್ಲವರು ಎಂದಿಲ್ಲ, ವಂದನೆ ಇಲ್ಲ.

ಅಧಿಕಾರಿ ತಲೆ ಎತ್ತಿ ನೋಡಿ ಬರೆದುಕೊಂಡ. "ಬೀದಿಯವರ ಸಹಿ ಮಾಡಿಸಿ ಶುಕ್ರವಾರದೊಳಗೆ ಕೊಡಿ. ಶನಿವಾರ ಇಂಜಿನಿಯರ್ ಬರ್ತಾರೆ," ಅಂದ.

ಹಿಂದಿನ ಸಾಲಿನಲ್ಲಿ ಒಗೆದು ಇಸ್ತ್ರಿ ಮಾಡಿದ ಅಂಗಿಯಲ್ಲಿ ಕೂತಿದ್ದ ಬೋರ್ಡಣ್ಣನಿಗೆ ಯಾರೋ ಕಪಾಳಕ್ಕೆ ಬಿಟ್ಟಂತಾಯಿತು. ಒಂಬತ್ತು ವರ್ಷ ಅವನು ಕುಣಿಕೆ ಹಾಕಿ ಎಳೆದರೂ ಅಲುಗದ ಬಂಡೆ, ಇವಳು ಕಿರುಬೆರಳಲ್ಲಿ ಮುಟ್ಟಿದ್ದಕ್ಕೆ ಉರುಳಿತ್ತು. ಅವನ ಹೊಟ್ಟೆಗೆ ಬೆಂಕಿ ಬಿತ್ತು. ಇದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ, ಅದು ಶುದ್ಧ ಹೊಟ್ಟೆಕಿಚ್ಚು.

ಬೆಂಕಿಗೆ ಎಣ್ಣೆ ಹೊಯ್ಯಲು ಮನೆಯಲ್ಲೇ ಜನ ಇದ್ದರು. "ಏನು ಧೈರ್ಯಾರೀ ಅವಳದು," ಅಂದಳು ಹೆಂಡತಿ, ಪಾತ್ರೆ ಒರೆಸುತ್ತ. "ಎರಡೇ ಮಾತು. ಅವರು ಬರ್ಕೊಂಡೇಬಿಟ್ರು."

"ಬಾಯಿ ಇದ್ದೋರು ಏನು ಬೇಕಾದ್ರೂ ಮಾಡಬಹುದು. ಒಂದು ಸಾಲು ತಪ್ಪಿಲ್ಲದೆ ಬರೆಯೋಕೆ ಬರುತ್ತಾ ಅವಳಿಗೆ?"

"ಬರೆಯೋದು ಯಾಕೆ ಬೇಕು, ಆಗುತ್ತಲ್ಲ ಕೆಲಸ."

ಆ ದಿನದಿಂದ ಬೋರ್ಡಣ್ಣನ ಕಣ್ಣು ಕಂಡಕ್ಟರಮ್ಮನ ಬೆನ್ನಿಗೆ ಬಿತ್ತು. ಅವಳು ಯಾರ ಮನೆಗೆ ಹೋದಳು, ಎಷ್ಟು ಹೊತ್ತು ನಿಂತಳು, ಯಾರು ನಕ್ಕರು, ಎಲ್ಲಾ ಅವನಿಗೆ ಬೇಕು. ಕನ್ನಡಕದಂಗಡಿಯವರು ಅವಳಿಗೆ ಸ್ಟೂಲು ಕೊಟ್ಟರು. ಇಷ್ಟು ವರ್ಷದಲ್ಲಿ ತನಗೆ ಆ ಸ್ಟೂಲು ಕೊಟ್ಟವರಲ್ಲ ಎಂದು ಅವನಿಗೆ ಆಗ ಹೊಳೆಯಿತು. ಸಹಿ ಹಾಳೆ ಅವನ ಬಾಗಿಲಿಗೂ ಬಂತು. ಟಿಕೆಟ್ ಪುಸ್ತಕದ ಬೆನ್ನಿನ ಮೇಲೆ ಇಟ್ಟು ಗೀಚಿದ ಹಾಳೆ, ಗೆರೆ ಒಂದು ಕಡೆ, ಅಕ್ಷರ ಇನ್ನೊಂದು ಕಡೆ.

"ಅಣ್ಣಾ, ನಿಮ್ಮ ಹಳೇ ಅರ್ಜಿ ಎಲ್ಲಾ ಇದೆಯಂತಲ್ಲ, ಕೊಡ್ತೀರಾ?" ಅಂದಳು ಕಂಡಕ್ಟರಮ್ಮ. "ಎಷ್ಟೋ ಬೀದಿಯವರು ಕೇಳ್ತಿದಾರಂತೆ. ಒಂಬತ್ತು ವರ್ಷದಿಂದ ಕೇಳ್ತಿದೀವಿ ಅಂತ ತೋರಿಸಿದ್ರೆ ನಮ್ದು ಮೇಲೆ ಬರುತ್ತೆ."

ಕಡತ ಅವನ ಮೊಣಕೈ ಕೆಳಗೇ ಇತ್ತು. ಅವನು ಮೊಣಕೈ ಎತ್ತಲಿಲ್ಲ. "ಹುಡುಕ್ಬೇಕಮ್ಮ. ಎಲ್ಲೋ ಇಟ್ಟಿದೀನಿ," ಅಂದ.

"ಗುರುವಾರದೊಳಗೆ ಸಿಕ್ಕಿದ್ರೆ ಸಾಕಣ್ಣ."

ಗುರುವಾರದೊಳಗೆ ಅವನಿಗೆ ಬೇರೆಯೇ ಉಪಾಯ ಸಿಕ್ಕಿತು. ಒಂಬತ್ತು ವರ್ಷದ ಬೆವರು ತನ್ನದು, ಇವಳು ಅದನ್ನು ಬಗಲಲ್ಲಿ ಇಟ್ಟುಕೊಂಡು ಮೆರೆಯುವುದು ಯಾಕೆ? ತಾನೇ ಕಚೇರಿಗೆ ಹೋಗಿ ಕಡತ ಮೇಜಿನ ಮೇಲಿಟ್ಟರೆ ಉಬ್ಬು ತನ್ನ ಲೆಕ್ಕಕ್ಕೇ ಬರುತ್ತದೆ. ಹಾಗಂದುಕೊಂಡು ಗುರುವಾರ ಬೆಳಗ್ಗೆ ಹೆಂಡತಿಗೂ ಹೇಳದೆ ಹೊರಟ.

ಪುರಸಭೆಯ ರಸ್ತೆ ವಿಭಾಗ ಮಹಡಿಯ ಮೇಲಿತ್ತು. ಉದ್ದನೆಯ ಕೋಣೆ, ಕಪಾಟಿನ ಮೇಲೆ ಕಟ್ಟುಕಟ್ಟು ಕಾಗದ, ಒಂದು ರೆಕ್ಕೆ ಕುಂಟುವ ಫ್ಯಾನು. ಗುಮಾಸ್ತ ಕಡತ ಬಿಚ್ಚಿದವನು ಮೊದಲು ಅಕ್ಷರ ನೋಡಿ ಬೆರಗಾದ. ಬೋರ್ಡಣ್ಣನ ಎದೆ ಒಂದಿಂಚು ಮೇಲಕ್ಕೆ ಬಂತು. ಗುಮಾಸ್ತ ಓದತೊಡಗಿದ. ಮೊದಲನೆಯದು ಓದಿದ, ಎರಡನೆಯದು ಓದಿದ, ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ನಗು ತಡೆದು ತಡೆದು ಅವನ ತುಟಿ ಅದುರುತ್ತಿತ್ತು.

"ಯಜಮಾನ್ರೇ, ಇದರಲ್ಲಿ ಹಂಪ್ ಹಾಕಿ ಅಂತ ಎಲ್ಲಿ ಬರೆದಿದೀರಿ?"

"ಅಲ್ಲೇ ಇದೆಯಲ್ಲ ಸಾರ್. ವಿಷಯದಲ್ಲೇ."

ಗುಮಾಸ್ತ ಗಟ್ಟಿಯಾಗಿ ಓದಿದ. "'ವಿಷಯ: ನಮ್ಮ ಬೀದಿಯ ತಿರುವಿನ ರಸ್ತೆ ಉಬ್ಬಿನ ಕುರಿತು. ಮಾನ್ಯರೇ, ಸದರಿ ಉಬ್ಬಿನ ವಿಚಾರದಲ್ಲಿ ನಮ್ಮ ಮಕ್ಕಳು ಪಡುತ್ತಿರುವ ಪಾಡು ತಮಗೆ ತಿಳಿಯದ್ದೇನಲ್ಲ. ತಾವು ಬಲ್ಲವರು. ಆದಷ್ಟು ಬೇಗ ತಕ್ಕ ಕ್ರಮ ಕೈಗೊಂಡು ನಮ್ಮನ್ನು ಈ ಸಂಕಟದಿಂದ ಪಾರು ಮಾಡಬೇಕಾಗಿ ವಿನಂತಿ.' ಹೇಳಿ, ಇದನ್ನ ಓದಿದ್ರೆ ಏನು ಅರ್ಥ? ನಮಗೆ ಬರೋ ಕಾಗದದಲ್ಲಿ ಅರ್ಧ ಇಂಥವೇ. ಯಾರೋ ಅಡ್ಡಾದಿಡ್ಡಿ ಉಬ್ಬು ಹಾಕಿದಾರೆ, ಸೊಂಟ ಮುರೀತಿದೆ, ಕಿತ್ತುಹಾಕಿ ಅಂತ. ನಮ್ಮೋರು ಕೀಳೋಕೆ ಹೋಗಿದಾರೆ, ಅಲ್ಲಿ ಉಬ್ಬೇ ಇಲ್ಲ. ಉಬ್ಬು ಕಂಡುಬಂದಿಲ್ಲ, ಅರ್ಜಿ ಮುಗೀತು."

"ಮುಗೀತು ಅಂದ್ರೆ? ವಿಲೇವಾರಿ ಅಂತ ಇದೆ. ಮೇಲಿನವರಿಗೆ ಹೋಗಿದೆ ಅಂತಲ್ವಾ?"

ಗುಮಾಸ್ತನಿಗೆ ತಡೆಯಲಾಗಲಿಲ್ಲ. ಪಕ್ಕದ ಮೇಜಿನವರನ್ನೂ ಕರೆದು ನಕ್ಕ.

ಅಧಿಕಾರಿಗೆ ಹೀಗೆ ಮಾಡಿ, ಹಾಗೆ ಮಾಡಿ ಎಂದು ನೇರವಾಗಿ ಹೇಳುವುದು ಒರಟುತನ ಎಂದು ಬೋರ್ಡಣ್ಣ ನಂಬಿದ್ದ. ಕಷ್ಟವನ್ನು ಸೂಚಿಸಿ ಕೈಮುಗಿದರೆ ತಿಳಿದವರು ತಿಳಿದುಕೊಳ್ಳುತ್ತಾರೆ, ಅದೇ ಬರವಣಿಗೆಯ ಮರ್ಯಾದೆ. ಆ ಮರ್ಯಾದೆ ಕಾಪಾಡಲು ಹೋಗಿ ಅವನು ಒಂಬತ್ತು ವರ್ಷ 'ಹಾಕಿಸಿ' ಎಂಬ ಒಂದು ಪದವನ್ನು ಬರೆಯದೆ ಬಿಟ್ಟಿದ್ದ.

"ಇನ್ನೂ ಒಂದು ತೊಂದರೆ ಇದೆ," ಅಂದ ಗುಮಾಸ್ತ, ಕಣ್ಣೊರೆಸಿಕೊಂಡು. "ನಮ್ಮ ದಾಖಲೆ ಪ್ರಕಾರ ನಿಮ್ಮ ಬೀದಿಯಿಂದ ಉಬ್ಬು ಬೇಡ ಅಂತ ಒಂಬತ್ತು ಅರ್ಜಿ, ಬೇಕು ಅಂತ ಮೊನ್ನೆ ಸಭೆಯಲ್ಲಿ ಬರೆದುಕೊಂಡದ್ದು ಒಂದು. ಇಂಜಿನಿಯರ್ ಶನಿವಾರ ಎಲ್ಲರ ಮುಂದೆ ಕೇಳ್ತಾರೆ. ಬೀದಿಯಲ್ಲೇ ತಕರಾರು ಇದೆ ಅನ್ನಿಸಿದ್ರೆ ಬೇರೆ ಬೀದಿಗೆ ಕೊಟ್ಬಿಡ್ತಾರೆ."

ಬೋರ್ಡಣ್ಣ ತಿರುಗಿದರೆ ಹಿಂದೆ ಕಂಡಕ್ಟರಮ್ಮ ನಿಂತಿದ್ದಳು. ಪಾಳಿಯ ನಡುವೆ ಸಹಿ ಹಾಳೆ ಕೊಡಲು ಬಂದವಳು, ಹೆಗಲಲ್ಲಿ ಚರ್ಮದ ಚೀಲ. ಎಲ್ಲಾ ಕೇಳಿಸಿಕೊಂಡಿದ್ದಳು. ಅವನು ನಿರೀಕ್ಷಿಸಿದ ನಗು ಅವಳ ಮುಖದಲ್ಲಿ ಇರಲಿಲ್ಲ. ನಕ್ಕಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವಳು ತನ್ನ ಹಾಳೆ ಕೊಟ್ಟು, ಅವನ ಜೊತೆಗೆ ಮೆಟ್ಟಿಲಿಳಿದಳು.

"ಅಣ್ಣಾ, ಇದು ನಮ್ಮಿಬ್ಬರಲ್ಲೇ ಇರ್ಲಿ," ಅಂದಳು ಕೆಳಗೆ ಬಂದ ಮೇಲೆ. "ಇಂಜಿನಿಯರ್ ಕೇಳಿದ್ರೆ ಯಾರೋ ಹಿಂದೆ ಬಾಡಿಗೆಗಿದ್ದೋರು ಬರೆದದ್ದು ಅಂತೀನಿ. ಆ ಹೆಸರು ಬೀದಿಯಲ್ಲಿ ಯಾರಿಗೂ ಗೊತ್ತಿಲ್ಲ. ಅಕ್ಕಂಗಂತೂ ಈ ವಿಷಯ ಗೊತ್ತಾಗೋದೇ ಬೇಡ. ಮೊದಲೇ ಕೈ ನೋವು ಅವರಿಗೆ."

ಬೋರ್ಡಣ್ಣ ಮನೆಯ ಕಡೆ ನಡೆದ. ಕೆಲಸ ಅವಳದು, ಹೆಸರು ಅವಳದು, ಈಗ ದೊಡ್ಡ ಮನಸ್ಸೂ ಅವಳದೇ. ಅವನ ಪಾಲಿಗೆ ಉಳಿದದ್ದು ಅವಳು ಹೊದಿಸಿದ ಹೊದಿಕೆಯ ಕೆಳಗೆ ಜೀವನಪೂರ್ತಿ ಮುದುಡಿಕೊಂಡು ಇರುವುದು. ಎರಡು ದಿನ ಅವನಿಗೆ ಊಟ ಸೇರಲಿಲ್ಲ. ಹೆಂಡತಿ ಹಣೆ ಮುಟ್ಟಿ ನೋಡಿ, "ಜ್ವರ ಇಲ್ಲ, ಮತ್ತೇನು ಗ್ರಹಚಾರ," ಅಂದಳು.

ಶನಿವಾರ ಇಂಜಿನಿಯರ್ ಬಂದ. ಟೇಪು ಹಿಡಿದು ರಸ್ತೆಯ ಅಗಲ ಅಳೆದ, ಇಳಿಜಾರು ನೋಡಿದ. ಶಾಲೆ ಬಿಡುವ ಹೊತ್ತು. ಬೀದಿಗೆ ಬೀದಿಯೇ ತಿರುವಿನಲ್ಲಿ ನೆರೆದಿತ್ತು. ಬೋರ್ಡಣ್ಣನ ಹೆಂಡತಿ ಕೊಡೆ ಹಿಡಿದು ಮಕ್ಕಳನ್ನು ದಾಟಿಸುತ್ತಿದ್ದಳು. ಇಂಜಿನಿಯರ್ ಕಾಗದ ತೆಗೆದು ಒಂದು ಹೆಸರು ಓದಿದ, ಹಾರ್ನುಗಳ ಸದ್ದಿನಲ್ಲಿ ಅದು ಅವಳಿಗೆ ಕೇಳಿಸಲಿಲ್ಲ. "ಇವರು ಯಾರು? ಒಂಬತ್ತು ಸಲ ಉಬ್ಬಿನ ಮೇಲೆ ದೂರು ಕೊಟ್ಟಿದಾರೆ."

ಜನ ಮುಖ ಮುಖ ನೋಡಿಕೊಂಡರು.

ಕಂಡಕ್ಟರಮ್ಮ ಮುಂದೆ ಬಂದಳು. "ಅವರು ಹಿಂದೆ ಇದ್ದೋರು ಸಾರ್. ಮನೆ ಖಾಲಿ ಮಾಡ್ಕೊಂಡು—"

"ನಾನೇ ಸಾರ್," ಅಂದ ಬೋರ್ಡಣ್ಣ.

ಎಲ್ಲರ ಕಣ್ಣೂ ಅವನ ಮೇಲೆ ಬಿತ್ತು. "ಅದು ದೂರಲ್ಲ. ಹಾಕ್ಸಿ ಅಂತ ಕೇಳಬೇಕಿತ್ತು. ಕೇಳೋ ಪದಾನೇ ನಾನು ಬರೀಲಿಲ್ಲ. ಒಂಬತ್ತು ವರ್ಷ ಬರೀಲಿಲ್ಲ. ಅವರು ಮುಗೀತು ಅಂತ ಬರೆದದ್ದನ್ನ ಮೇಲೆ ಹೋಗಿದೆ ಅಂತ ಓದಿ, ಇವರಿಗೆಲ್ಲ ಹಾಗೇ ಹೇಳಿದೆ."

ಮೊದಲು ಕನ್ನಡಕದಂಗಡಿಯವರು ನಕ್ಕರು. ಆಮೇಲೆ ಯಾರು ನಗಲಿಲ್ಲ ಎಂದು ಕೇಳಬೇಕು. ಕಂಡಕ್ಟರಮ್ಮ ನೆಲ ನೋಡುತ್ತಿದ್ದಳು. ಅವನ ಹೆಂಡತಿ ಒಮ್ಮೆ ಅವನ ಕಡೆ ತಿರುಗಿದಳು, ಮತ್ತೆ ಗಾಡಿಗಳ ಕಡೆ ತಿರುಗಿ ಕೊಡೆ ಚಾಚಿದಳು.

"ಅದನ್ನೇ ಬರೆದುಕೊಡಿ," ಅಂದ ಇಂಜಿನಿಯರ್. ಬೋರ್ಡಣ್ಣ ಸ್ಕೂಟರಿನ ಸೀಟಿನ ಮೇಲೆ ಹಾಳೆ ಇಟ್ಟು ಬರೆದ: 'ನಮ್ಮ ತಿರುವಿನಲ್ಲಿ ಉಬ್ಬು ಇಲ್ಲ. ಹಾಕಿಸಿ.' ಇಂಜಿನಿಯರ್ ಓದಿ, ಇಷ್ಟು ಸಾಕು ಎಂದು ಜೇಬಿಗಿಟ್ಟ. ಮುಂದಿನ ವಾರವೇ ಕೆಲಸ ಶುರುವಾಗುತ್ತದೆ ಅಂದ. ಜನ ಕಂಡಕ್ಟರಮ್ಮನನ್ನು ಸುತ್ತುವರಿದರು.

ಮನೆಯಲ್ಲಿ ಹೆಂಡತಿ ಕೊಡೆಯನ್ನು ಮೂಲೆಗಿಟ್ಟು, ನೀರು ಕುಡಿದು, ಅವನ ಎದುರಿಗೆ ಕೂತಳು.

"ನನ್ನ ಕೈ ಮುರಿದಾಗ ಬರೆದ್ರಲ್ಲ, ಅದರಲ್ಲೂ ಹಾಗೇ ಇತ್ತಾ?"

"ಹಾಗೇ ಇತ್ತು."

"ಅದಕ್ಕಿಂತ ಮುಂಚೆ ಬರೆದವುಗಳಲ್ಲೂ?"

"ಎಲ್ಲದರಲ್ಲೂ."

ಅವಳು ಮಣಿಕಟ್ಟನ್ನು ಇನ್ನೊಂದು ಕೈಯಲ್ಲಿ ಹಿಡಿದು ಒತ್ತಿಕೊಂಡಳು. ಬಯ್ದಿದ್ದರೆ ಅವನು ತಲೆ ತಗ್ಗಿಸಿ ಕೇಳುತ್ತಿದ್ದ, ಅವಳು ಬಯ್ಯಲಿಲ್ಲ. ಕೊನೆಗೆ ಅಂದಳು: "ಕಂಡಕ್ಟರಮ್ಮ ಮುಚ್ಚಿಹಾಕೋಕೆ ನೋಡಿದ್ಲು. ನೀವು ಸುಮ್ನಿದ್ದಿದ್ರೆ ನಂಗೆ ಯಾವತ್ತೂ ಗೊತ್ತಾಗ್ತಿರ್ಲಿಲ್ಲ."

"ಗೊತ್ತು."

"ಮತ್ತೆ ಯಾಕೆ ಹೇಳಿದ್ರಿ? ಮನಸ್ಸಾಕ್ಷಿ ಚುಚ್ಚಿತಾ?"

ಹೌದು ಅಂದುಬಿಟ್ಟರೆ ಮುಗಿಯುತ್ತಿತ್ತು. ಅವಳ ಕಣ್ಣಿನಲ್ಲಿ ಅದಕ್ಕೆ ಜಾಗವೂ ಇತ್ತು. ಬೋರ್ಡಣ್ಣ ಉಗುರಿನ ಸಂದಿಯ ಬಣ್ಣ ಕೆರೆಯುತ್ತ ಕೂತ.

"ಇಲ್ಲ," ಅಂದ. "ನನ್ನ ತಪ್ಪನ್ನೂ ಅವಳೇ ಮುಚ್ಚಿಹಾಕಿ ಒಳ್ಳೆಯವಳಾಗೋದು ನನ್ನ ಕೈಲಿ ನೋಡೋಕಾಗ್ಲಿಲ್ಲ."