ಕಿಂಡಿಗೆ ತುರುಕಿದ ಸೀರೆ

ನನಗೆ ಮೊಮ್ಮಗಳು ಹುಟ್ಟಿದ್ದಾಳೆ! ಇವತ್ತಿಗೆ ಹನ್ನೆರಡು ದಿನ. ಹುಬ್ಬು ಇನ್ನೂ ಸರಿಯಾಗಿ ಮೂಡಿಲ್ಲ, ಆಗಲೇ ಹಣೆ ಗಂಟಿಕ್ಕಿಕೊಂಡು ನೋಡುತ್ತಾಳೆ — ನನ್ನನ್ನೇ ನೋಡುತ್ತಾಳೆ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೇನೆ. ಕೃಷ್ಣರಾಜನಗರದ ನಮ್ಮ ಬೀದಿಯಲ್ಲಿ ನಾನು ಸಕ್ಕರೆ ಕೊಡದ ಮನೆ ಉಳಿದಿಲ್ಲ. ಈ ಸಂತೋಷ ಎದೆಯಲ್ಲಿ ಇರುವಾಗಲೇ ಬರೆದುಬಿಡುತ್ತೇನೆ, ಆಮೇಲೆ ಧೈರ್ಯ ಸಾಲುವುದಿಲ್ಲ — ಈ ಕೂಸಿನ ತಾಯಿಗೆ, ನನ್ನ ಸ್ವಂತ ಮಗಳು ಮಂಜುಳನಿಗೆ, ಬಾಣಂತಿ ಸನ್ನಿ ಎಂಬ ಹೆಸರು ಅಂಟುವಂತೆ ಮಾಡಿದವಳು ನಾನು. ಅವಳಿಗೆ ಸನ್ನಿ ಯಾವತ್ತೂ ಬಂದಿರಲಿಲ್ಲ. ಅದು ನನಗೆ ಆರು ವರ್ಷದಿಂದ ಗೊತ್ತಿತ್ತು.

ನಾನು ಓದಿದ್ದು ಮೂರನೇ ಕ್ಲಾಸು. ಆದರೆ ಇದಕ್ಕೆ ಓದು ಬೇಕಿರಲಿಲ್ಲ.

ಆರು ವರ್ಷದ ಹಿಂದೆ ಮಂಜುಳ ಚೊಚ್ಚಲ ಬಾಣಂತನಕ್ಕೆ ಬಂದಾಗ ನಮ್ಮೆಜಮಾನರು ಬಚ್ಚಲುಮನೆಗೆ ಗ್ಯಾಸ್ ಗೀಸರ್ ಹಾಕಿಸಿದರು. ಸೌದೆ ಹೊಗೆಯಲ್ಲಿ ಹಂಡೆ ಕಾಯಿಸಿ ನನ್ನ ಕಣ್ಣು ಹೋಗುತ್ತಿತ್ತು. ಕೂರಿಸಲು ಬಂದವನು ಹುಣಸೂರಿನ ಮೆಕ್ಯಾನಿಕ್ ನಾಗೇಂದ್ರ. ಪೈಪಿನ ಸಂದಿಗೆಲ್ಲ ಸೋಪಿನ ನೀರು ಸವರಿ, ಗುಳ್ಳೆ ಏಳುತ್ತದೆಯೋ ಎಂದು ನೋಡಿದ. ನಲ್ಲಿ ತಿರುಗಿಸಿ ನೀಲಿ ಉರಿ ತೋರಿಸಿದ. ಹೋಗುವಾಗ ಬಚ್ಚಲಿನ ಮೇಲಿನ ಕಿಂಡಿಗೆ ಬೆರಳು ಮಾಡಿ ಹೇಳಿದ:

“ಈ ಗೀಸರೂ ಉಸ್ರಾಡ್ತದೆ ಕಣ್ರಮ್ಮ. ರೂಮಿನ್ ಗಾಳಿನೇ ತಿಂತದೆ. ಆ ಕಿಂಡಿ ಮುಚ್ಚಿದ್ರೆ ಕೆಟ್ಟ ಗಾಳಿ ಒಳ್ಗೇ ನಿಂತ್ಕತದೆ, ವಾಸ್ನೆನೂ ಬರಕಿಲ್ಲ.”

ಹೂಂ ಎಂದೆ. ಆದರೆ ಬಾಣಂತಿಗೆ ಗಾಳಿ ಸೋಕಬಾರದು — ನನ್ನವ್ವ ನನಗೆ ಹಾಗೇ ಮಾಡಿದ್ದಳು, ಅವಳವ್ವ ಅವಳಿಗೆ. ನನ್ನ ಹಳೇ ಹಸಿರು ಸೀರೆಯನ್ನು ಸುತ್ತಿ ಕಿಂಡಿಗೆ ತುರುಕಿದೆ. ಬಾಗಿಲ ಕೆಳಗಿನ ಸಂದಿಗೂ ಗೋಣಿಚೀಲ ಒತ್ತಿದೆ. ಬಾಣಂತಿಗೆ ಹಂಡೆಗಟ್ಟಲೆ ನೀರು, ಗೀಸರ್ ಉರಿಯುತ್ತಲೇ ಇತ್ತು. ನನಗೂ ತಲೆ ಸಿಡಿಯುತ್ತಿತ್ತು. ಸಾಂಬ್ರಾಣಿಗೆ ಕೆಂಡ ತರಲು ಹೊರಗೆ ಬಂದೆ, ಬಾಗಿಲು ಎಳೆದುಕೊಂಡೇ ಬಂದೆ. ತಿರುಗಿ ಹೋದಾಗ ಮಂಜುಳ ನೆಲದ ಮೇಲೆ — ಕೈ ಸೆಟೆದು, ಕಣ್ಣು ಮೇಲೆ —

ಹೊರಗೆ ಎಳೆದು ಜಗುಲಿಯಲ್ಲಿ ಮಲಗಿಸಿದ ಮೇಲೆ ಉಸಿರು ಬಂತು. ನೆರೆದವರಲ್ಲಿ ಯಾರೋ “ಸನ್ನಿ ಕಣವ್ವ, ಬಾಣಂತಿ ಸನ್ನಿ” ಎಂದರು. ಹೆತ್ತವಳು ಸೆಟೆದು ಬಿದ್ದರೆ, ಬುದ್ಧಿ ತಪ್ಪಿದರೆ ನಮ್ಮ ಕಡೆ ಅದೊಂದೇ ಹೆಸರು. ಆಸ್ಪತ್ರೆಯಲ್ಲಿ ಗೀಸರಿನ ಮಾತನ್ನು ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಮಾರನೆಯ ದಿನ ನಮ್ಮೆಜಮಾನರು ನಾಗೇಂದ್ರನನ್ನು ಕರೆಸಿದರು. ಅಷ್ಟರಲ್ಲಿ ಸೀರೆ ಎಳೆದು ನೆನೆಹಾಕಿದ್ದೆ. ಅವನು ಬಿಚ್ಚಿ ನೋಡಿದ, ಉರಿಸಿ ನೋಡಿದ, ದೋಷವಿಲ್ಲ ಎಂದ. ಆಮೇಲೆ ನನ್ನ ಕಡೆ ತಿರುಗಿದ. “ಅವತ್ತು ಕಿಂಡಿ ತೆಗ್ದಿತ್ತಾ ಅಮ್ಮ?”

ಪಿರಿಯಾಪಟ್ಟಣದಿಂದ ಓಡಿಬಂದಿದ್ದ ಬೀಗಿತ್ತಿ ರಾಜಮ್ಮ ಪಕ್ಕದಲ್ಲೇ ನಿಂತಿದ್ದರು.

“ತೆಗ್ದಿತ್ತು ಕಣಪ್ಪ,” ಎಂದೆ.

ಅಷ್ಟೇ. ಕಿಂಡಿ ತೆಗೆದಿತ್ತು, ಯಂತ್ರ ಸರಿ ಇತ್ತು — ಹಾಗಾದರೆ ದೋಷ ಮಂಜುಳನದೇ. ಹೆದರಿದ್ದೆ ಎಂದು ಈಗ ಹೇಳಬಹುದು. ಹೆದರಿಕೆ ಒಂದು ಗಳಿಗೆಯದು. ಉಳಿದ ಆರು ವರ್ಷ?

ನಿನ್ನೆ ಸೂತಕ ಕಳೆಯುವ ಸ್ನಾನ. ರಾಜಮ್ಮನೂ ಬಂದಿದ್ದರು. ಆರು ವರ್ಷ ಗೋಡೆಯಲ್ಲಿ ಸುಮ್ಮನೆ ನಿಂತಿದ್ದ ಗೀಸರನ್ನು ಸರ್ವೀಸ್ ಮಾಡಲು ಅಳಿಯ ನಾಗೇಂದ್ರನನ್ನೇ ಕರೆತಂದ. ಅವನು ಮುಚ್ಚಳ ಬಿಚ್ಚಿ ನಕ್ಕ: “ಜೇಡ ಒಳ್ಗೇ ಸಂಸಾರ ಹೂಡೈತೆ ಕಣ್ರಮ್ಮ! ಅದ್ಕೂ ಬಾಣಂತನ ಮಾಡೋರಾ?” ಎಲ್ಲರೂ ನಕ್ಕರು. ಬರ್ನರ್ ಉಜ್ಜಿದ, ಸೆಲ್ ಬದಲಿಸಿದ, ಟಪ್ ಎಂದು ಉರಿ ಹತ್ತಿತು.

ಆ ಸದ್ದಿಗೆ ಮಂಜುಳನ ಮುಖ ಬಿಳಿಚಿತು. ಎದ್ದು ಹೋಗಿ ಕೂಸನ್ನು ಅತ್ತೆಯ ಮಡಿಲಿಗೆ ಹಾಕಿದಳು.

“ಇವ್ಳ್ನ ಈಗ್ಲೇ ಮಡಿಕ್ಕಳಿ ಅತ್ತೆ. ಹಾಲು ಕುಡ್ಸಕ್ಕೆ ಮಾತ್ರ ನನ್ ಕೈಗೆ ಕೊಡಿ. ಮಿಕ್ಕಿದ್ದೆಲ್ಲ ನೀವೇ ನೋಡ್ಕಳಿ. ಇನ್ನೊಂದ್ ಕಿತ ಸನ್ನಿ ಬಂದ್ರೆ ಏನ್ ಮಾಡ್ತೀನೋ, ನಂಗೇ ಗೊತ್ತಿಲ್ಲ.”

ಅಳಲಿಲ್ಲ ಅವಳು. ಬಟ್ಟೆ ಒಣಹಾಕಿ ಎಂದಷ್ಟು ಸಲೀಸಾಗಿ ಹೇಳಿದಳು. ರಾಜಮ್ಮ ಸೆರಗು ಹೊದಿಸಿ ಕೂಸನ್ನು ಎದೆಗೆ ಎಳೆದುಕೊಳ್ಳುತ್ತಿದ್ದರು. ಇನ್ನೊಂದು ಕ್ಷಣ ಸುಮ್ಮನಿದ್ದರೆ — ಅದು ಹಾಗೇ ಆಗಿಹೋಗುತ್ತಿತ್ತು.

“ಅವತ್ತು ಕಿಂಡಿ ಮುಚ್ಚಿತ್ತು,” ಎಂದೆ. ದನಿ ನನ್ನದು ಅನ್ನಿಸಲಿಲ್ಲ. “ನಾನೇ ಮುಚ್ಚಿದ್ದೆ. ಅದು ಸನ್ನಿ ಅಲ್ಲ ಕಣೇ ಮಂಜಿ. ನನ್ ಸೀರೆ.”

ನಾಗೇಂದ್ರ ಸ್ಪ್ಯಾನರ್ ಕೆಳಗಿಟ್ಟ. “ಅಮ್ಮ… ನಾನ್ ಕೇಳಿದ್ನಲ್ಲ ನಿಮ್ನ.”

“ಕೇಳ್ದೆ ಕಣಪ್ಪ. ಸುಳ್ ಹೇಳ್ದೆ.”

“ಆರ್ ವರ್ಸ ಅವ್ವ,” ಎಂದಳು ಮಂಜುಳ. “ಕೆರೆ ಏರಿ ಮೇಲೆ ನನ್ ಮಗ ಕೈ ಇಡ್ಕ ಅಂತ ಅತ್ರೂ ಇಡೀತಿರ್ಲಿಲ್ಲ ನಾನು. ಎಲ್ ತಳ್ಬುಡ್ತೀನೋ ಅಂತ.”

ಅವಳು ಅತ್ತೆಯ ಮಡಿಲಿಂದ ಕೂಸನ್ನು ಎತ್ತಿಕೊಂಡಳು. ರಾಜಮ್ಮ ಕೈ ಬಿಟ್ಟರು.

ನಾಗೇಂದ್ರ ಮಧ್ಯಾಹ್ನದ ತನಕ ಕೂತು ಗೀಸರನ್ನು ಬಚ್ಚಲಿನಿಂದ ತೆಗೆದು ಹೊರಗಿನ ಗೋಡೆಗೆ ಕೂರಿಸಿದ, ಗೋಡೆ ತೂತು ಮಾಡಿ ನೀರಿನ ಪೈಪು ಮಾತ್ರ ಒಳಗೆ ಬಿಟ್ಟ. ಮಂಜುಳನಿಗೆ ನೀರು ಹಾಕಿದ್ದು ರಾಜಮ್ಮ. ನನ್ನನ್ನು ಕರೆಯಲಿಲ್ಲ. ಕರೆಯಬೇಕೆಂದು ನಾನೂ ಬಯಸಲಿಲ್ಲ.

ಸಂಜೆ ನಡುಮನೆಯಲ್ಲಿ ಎಲೆ ಹಾಕಿದೆ. ಬಾಣಂತಿಗೆ ಒಳಗೇ ಬೇರೆ ಊಟ ಕೊಡುವುದು ರೂಢಿ. ಅವಳು ತಾನಾಗಿಯೇ ಎದ್ದು ಬಂದು ಗಂಡನ ಪಕ್ಕ ಕೂತಳು. ಅವಳಿಗೆ ಮೆತ್ತನ್ನ, ಮೆಣಸಿನ ಸಾರು, ತುಪ್ಪ ಬಡಿಸಿದೆ. ಊಟ ಮಾಡಲಿ ಎಂದು ಕೂಸಿಗೆ ಕೈ ಚಾಚಿದೆ.

“ಇರ್ಲಿ ಬುಡು,” ಎಂದಳು, ನನ್ನ ಮುಖ ನೋಡದೆ. ಕೂಸನ್ನು ಎಡತೊಡೆಗೆ ಸರಿಸಿಕೊಂಡು ಬಲಗೈಯಲ್ಲಿ ಅನ್ನ ಕಲಸಿದಳು. ದೊಡ್ಡ ಮಗ ಜರುಗಿ ಬಂದು ಅವಳ ಮೊಣಕಾಲಿಗೆ ಒರಗಿ ಕೂತ. ಅವಳು ಅವನನ್ನು ದೂರ ಕಳಿಸಲಿಲ್ಲ. ಒಂದು ತುತ್ತು ಅವನ ಬಾಯಿಗಿಟ್ಟಳು.

ಸಾಲಿನ ಕೊನೆಯಲ್ಲಿ ನನಗೂ ಒಂದು ಎಲೆ ಹಾಕಿಕೊಂಡು ಕೂತೆ. ಎಲ್ಲರೂ ಉಂಡೆವು.