ಹೇಳದೆ ಉಳಿದ ಸೂತಕ

ನಮ್ಮ ಓಣಿಯಲ್ಲಿ ಉಜಮ್ ಅಂದರೆ ಮುಖಕ್ಕೆ ಹೊಡೆದ ಹಾಗೆ ಮಾತಾಡುವ ಹೆಂಗಸು. ಹಾಲು ತೆಳ್ಳಗೆ ಕಂಡರೆ ಸಾಕು, "ಏನಣ್ಣ, ನಿನ್ನ ಎಮ್ಮೆ ಇವತ್ತು ಸಮುದ್ರದಲ್ಲಿ ಮುಳುಗಿ ಬಂತಾ?" ಅಂತ ನಾಲ್ಕು ಜನರ ಎದುರಿಗೇ ಕೇಳಿಬಿಡುತ್ತಿದ್ದಳು. ಅಂಥವಳು ಕಟ್ಟಿಕೊಂಡ ಗಂಡನಿಗೆ ಹನ್ನೆರಡು ವರ್ಷ ಸುಳ್ಳು ಹೇಳಿದಳು ಅಂದರೆ ಯಾರು ನಂಬುತ್ತಾರೆ? ಆದರೆ ಹೇಳಿದಳು. ಮೊದಲನೆಯ ಸುಳ್ಳನ್ನು ಅವಳ ಬಾಯಿಗೆ ತುರುಕಿದ್ದು ಅತ್ತೆ ಮಾಣೆಕ.

ನಮ್ಮ ದೀವ್ ದ್ವೀಪದಲ್ಲಿ ಗಂಡಸಾಗಿ ಹುಟ್ಟಿದವನು ಒಂದೋ ದೋಣಿ ಹತ್ತಬೇಕು, ಇಲ್ಲವೋ ಗಾರೆ ಕರಣೆ ಹಿಡಿದು ಮೊಜಾಂಬಿಕ್‌ಗೆ ಹೋಗಬೇಕು. ಇಲ್ಲೂ ಪೋರ್ಚುಗೀಸ್ ಪರಂಗಿಯವರದೇ ರಾಜ್ಯ, ಅಲ್ಲೂ ಅವರದೇ, ಆಗೆಲ್ಲ ಹೋಗಿಬರುವುದು ನೆಂಟರ ಮನೆಗೆ ಹೋದಷ್ಟು ಸಲೀಸು. ಉಜಮ್‌ಳ ಗಂಡ ಲವಜಿ ಹೋದಾಗ ಮಗ ಧೀರು ಆಗತಾನೆ ಗೋಡೆ ಹಿಡಿದು ನಡೆಯುತ್ತಿದ್ದ. "ಎರಡು ವರ್ಷ, ಧೀರೂನ ಅಮ್ಮ. ಬಂದು ಮನೆಗೆ ಮಾಳಿಗೆ ಹಾಕಿಸ್ತೀನಿ" ಅಂದು ಹಡಗು ಹತ್ತಿದ.

ಆ ವರ್ಷದ ಡಿಸೆಂಬರಿನಲ್ಲೇ ಭಾರತದ ಸೈನ್ಯ ಬಂತು. ಕೋಟೆಯ ಮೇಲೆ ಗುಂಡು ಬಿತ್ತು, ಪರಂಗಿ ಬಾವುಟ ಇಳಿಯಿತು. ಊರು ನಮ್ಮ ದೇಶಕ್ಕೆ ಸೇರಿತು ಅಂತ ಪೇಡಾ ಹಂಚಿದರು, ಉಜಮ್ ಕೂಡ ತಿಂದಳು. ಪೇಡಾ ಕರಗಿದ ಮೇಲೆ ಗೊತ್ತಾಯಿತು, ಆಚೆ ಇದ್ದ ಗಂಡಸರು ಆಚೆಯೇ ಉಳಿದರು ಅಂತ. ಎರಡು ಸರ್ಕಾರಗಳು ಮಾತು ಬಿಟ್ಟವು, ದಾರಿ ಮುಚ್ಚಿತು. ಸರ್ಕಾರಗಳ ಜಗಳಕ್ಕೆ ಹೆಂಡಿರು ಮಕ್ಕಳು ಏನು ಮಾಡಿದ್ದರೋ ದೇವರೇ ಬಲ್ಲ.

ಅದಾಗಿ ಎರಡನೆಯ ಮಳೆಗಾಲ. ಧೀರುಗೆ ಗಂಟಲು ಕಟ್ಟುವ ಜ್ವರ ಬಂತು. ದೊಡ್ಡ ಆಸ್ಪತ್ರೆ ಇದ್ದದ್ದು ನೀರಿನಾಚೆ, ಉನಾದಲ್ಲಿ. ಕಡಲು ಕೆರಳಿತ್ತು, ದಾಟಿಸುವ ದೋಣಿಯವರು ದೋಣಿ ಮೇಲಕ್ಕೆಳೆದು ಕೂತಿದ್ದರು. ಉಜಮ್ ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ದಡದಲ್ಲಿ ಒಬ್ಬೊಬ್ಬರ ಕಾಲಿಗೂ ಬಿದ್ದಳು. ಕೊನೆಗೊಬ್ಬ ಒಪ್ಪಿ ದೋಣಿ ನೀರಿಗಿಳಿಸುವಷ್ಟರಲ್ಲಿ ಸೆರಗಿನೊಳಗಿನ ಉಸಿರು ನಿಂತಿತ್ತು.

ಮಗುವನ್ನು ಮಣ್ಣು ಮಾಡಿ ಬಂದ ದಿನವೇ ಅತ್ತೆ ಸೊಸೆಯ ಬಾಯಿ ಮುಚ್ಚಿ ಹಿಡಿದಳು. "ಗಟ್ಟಿಯಾಗಿ ಅಳಬೇಡ ಕಣೇ. ಓಣಿ ದಾಟಿದ್ರೆ ಸುದ್ದಿ ಕಡಲೂ ದಾಟತ್ತೆ."

"ದಾಟಲಿ ಅತ್ತೆ! ಅವರ ಮಗು ಅಲ್ವಾ?"

"ಅಲ್ಲಿ ಅವನಿಗೆ ಯಾರಿದಾರೆ? ಸಾವಿನ ಸುದ್ದಿ ಕೇಳಿದೋನ ತಲೆ ಮೇಲೆ ನಮ್ಮೋರು ಒಂದು ಕೊಡ ನೀರು ಹುಯ್ಯಬೇಕು. ಯಾರು ಹುಯ್ಯೋರು? ಸಾರ್ವೆ ಮೇಲೆ ನಿಂತು ಗೋಡೆ ಕಟ್ಟೋ ಹುಡುಗ. ಕೇಳಿ ಕಾಲು ಜಾರಿದ್ರೆ? ಇಬ್ರನ್ನೂ ಕಳ್ಕೊಳ್ಳೋಣ ಅಂತೀಯಾ? ದೀಪಾವಳಿಗೆ ದಾರಿ ತೆರೀತಾರಂತೆ. ಬರ್ಲಿ. ನಾವೇ ನೀರು ಹುಯ್ದು ಹೇಳೋಣ."

ಇದು ನಮ್ಮಲ್ಲಿ ನಡೆದುಬಂದದ್ದೇ. ದೂರ ಇರುವವನಿಗೆ ಸಾವು ತಿಳಿಸುವುದಿಲ್ಲ, ಊರಿಗೆ ಬಂದ ಮೇಲೆ ಉಟ್ಟ ಬಟ್ಟೆಯಲ್ಲೇ ಸ್ನಾನ ಮಾಡಿಸಿ ತಿಳಿಸುತ್ತಾರೆ. ಅಲ್ಲಿಯವರೆಗೆ ಅವನಿಗೆ ಸೂತಕವಿಲ್ಲ. ನಾಲ್ಕು ತಿಂಗಳಿಗೋ ಎಂಟು ತಿಂಗಳಿಗೋ ಬರುವ ನಾವಿಕರಿಗೆ ಸರಿಹೋಗುತ್ತಿದ್ದ ಪದ್ಧತಿ ಅದು. ಆ ದೀಪಾವಳಿಗೆ ದಾರಿ ತೆರೆಯಲಿಲ್ಲ. ಮುಂದಿನದಕ್ಕೂ ಇಲ್ಲ.

ನೈರೋಬಿಗೆ ಹೋಗಿಬರುವ ಬಟ್ಟೆ ವ್ಯಾಪಾರಿ ಓಧವಜಿ ಸೇಠ್ ಒಬ್ಬರೇ ನಡುವಿನ ದಾರಿ. ಲವಜಿ ಯಾರ ಯಾರದೋ ಕೈಯಲ್ಲಿ ಅವರಿಗೆ ಮಾತು ಮುಟ್ಟಿಸುತ್ತಿದ್ದ, ಜೊತೆಗೆ ಮಗನಿಗೊಂದು ಅಂಗಿ. ಸೇಠ್ ಜಗುಲಿ ಮೇಲೆ ಕೂತು, ಮಗು ಹೋದದ್ದು ಅವರಿಗೆ ಗೊತ್ತಿದ್ದೂ, ತಲೆ ತಗ್ಗಿಸಿ ಕೇಳುತ್ತಿದ್ದರು. "ಹುಡುಗ ಹೇಗಿದಾನೆ ಅಂತ ಕೇಳಿದಾನೆ ತಾಯಿ. ಏನು ಹೇಳಲಿ?"

ಉಜಮ್ ಅತ್ತೆಯ ಮುಖ ನೋಡುತ್ತಿದ್ದಳು. ಆಮೇಲೆ ಹೇಳುತ್ತಿದ್ದಳು. ಸ್ಕೂಲಿಗೆ ಹಾಕಿದೀವಿ. ಹಾಲುಹಲ್ಲು ಬಿತ್ತು. ಈಜು ಕಲಿತ. ತಾಳೆಯಂಥ ಹೊಕಾ ಮರ ಹತ್ತಿ ಬಿದ್ದು ಮೊಣಕೈ ತರಚಿಕೊಂಡ. ಹೇಳ್ತಾ ಹೇಳ್ತಾ ಅವಳಿಗೇ ಒಂದು ಕ್ಷಣ ನಿಜ ಅನ್ನಿಸಿ, ಒಳಗೆ ಹೋಗಿ ಎಣ್ಣೆ ಬಟ್ಟಲು ಹುಡುಕಿದ್ದೂ ಉಂಟು. ಸೇಠ್ ಹೋದ ಮೇಲೆ ಹಿತ್ತಲ ಬಾವಿಯ ಹತ್ತಿರ ಕೂತು ಬಾಯಿಗೆ ಸೆರಗು ತುರುಕಿಕೊಂಡು ಅಳುತ್ತಿದ್ದಳು. ಅಂಗಿಗಳನ್ನು ಓಣಿಯ ಯಾವ ಹುಡುಗನಿಗೂ ಕೊಡಲಿಲ್ಲ, ಮಡಿಸಿ ಮಡಿಸಿ ಇಟ್ಟಳು.

"ಇನ್ನು ಹೇಳಿಬಿಡೋಣ ಅತ್ತೆ" ಅಂತ ಅವಳು ಕೇಳದ ವರ್ಷವಿಲ್ಲ. "ಇಷ್ಟು ವರ್ಷ ಕಳೆದು ಹೇಗೆ ಹೇಳ್ತೀಯೇ, ಹುಚ್ಚಿ?" ಅನ್ನುವುದೇ ಉತ್ತರ. ಅದರಲ್ಲೂ ಸುಳ್ಳೇನಿರಲಿಲ್ಲ.

ಕೊನೆಗೆ ಅಲ್ಲೂ ಪರಂಗಿ ಆಳ್ವಿಕೆ ಮುಗಿಯಿತು, ದಾರಿ ತೆರೆಯಿತು. ಓಧವಜಿ ಸೇಠ್ ಓಡೋಡಿ ಬಂದರು. "ಲವಜಿ ಬರ್ತಿದಾನೆ ತಾಯಿ. ಧೀರುಗೆ ಅಲ್ಲೇ ನಮ್ಮವರ ಹುಡುಗೀನ ನೋಡಿ ಮಾತು ಕೊಟ್ಟಿದಾನಂತೆ."

ಅವನು ಬರುವ ದಿನ ಮಾಣೆಕ ಬೆಳಗ್ಗೆಯೇ ಗೋಧಿನುಚ್ಚಿಗೆ ಬೆಲ್ಲ ತುಪ್ಪ ಸುರಿದು ಲಾಪ್ಸಿ ಮಾಡಿದಳು. "ಮೊದಲು ಉಣ್ಣಲಿ. ಧೀರು ಉನಾಕ್ಕೆ ಹೋಗಿದಾನೆ, ಸಂಜೆ ಬರ್ತಾನೆ ಅನ್ನೋಣ. ಹೊಟ್ಟೆ ತುಂಬಿದ ಮೇಲೆ ನೀರು."

"ಸಿಹಿ ಉಣಿಸಿ ಹೇಳ್ತೀರಾ? ನಾಳೆ ಆ ಲಾಪ್ಸಿ ನೆನೆಸಿಕೊಂಡ್ರೆ ಅವರಿಗೆ ಹೇಗಾಗಬೇಕು?"

"ಹದಿನಾಲ್ಕು ವರ್ಷ ಆಯ್ತು ಕಣೇ ನನ್ನ ಕೈ ಊಟ ಉಂಡು!" ಮುದುಕಿ ಸೌಟು ಹಿಡಿದೇ ಅತ್ತುಬಿಟ್ಟಳು.

ಲವಜಿ ಬಂದ. ಕೂದಲು ಬೆಳ್ಳಗಾಗಿತ್ತು, ಬೆನ್ನು ಬಾಗಿತ್ತು. ತಾಯಿಯ ಕಾಲಿಗೆ ಬಿದ್ದು ಎದ್ದವನೇ ಒಳಗೆಲ್ಲ ಕಣ್ಣಾಡಿಸಿದ. "ಎಲ್ಲಿ ನಿನ್ನ ಮಗರಾಯ? ಅಪ್ಪ ಬರ್ತಾನೆ ಅಂದ್ರೆ ದಡಕ್ಕೂ ಬರ್ಲಿಲ್ಲ, ಅಷ್ಟು ದೊಡ್ಡ ಮನುಷ್ಯ ಆಗ್ಬಿಟ್ನಾ?"

"ಉನಾಕ್ಕೆ..." ಅಂದಳು ಮಾಣೆಕ. ತಟ್ಟೆ ಇಟ್ಟಳು, ಲಾಪ್ಸಿ ಬಡಿಸಿದಳು.

ಅವನು ಕೂರಲಿಲ್ಲ. ಪೆಟ್ಟಿಗೆ ಬಿಚ್ಚಿ ಒಂದು ಕೋಟು ತೆಗೆದು ತನ್ನ ಮೈಗೇ ಹಿಡಿದು ನೋಡಿಕೊಂಡ. "ಏ ಧೀರೂನ ಅಮ್ಮ, ನೋಡು. ನಿಶ್ಚಿತಾರ್ಥಕ್ಕೆ. ಭುಜ ಬಿಗಿಯಾಗತ್ತೇನೋ, ಅಲ್ವಾ? ನನಗಿಂತ ಅಗಲ ಇದಾನಾ?"

ಹನ್ನೆರಡು ವರ್ಷದಿಂದ ಓಣಿಯಲ್ಲಿ ಯಾರೂ ಅವಳನ್ನು ಆ ಹೆಸರಿನಿಂದ ಕರೆದಿರಲಿಲ್ಲ. ಉಜಮ್ ಸೀದಾ ಹಿತ್ತಲಿಗೆ ಹೋದಳು. ಬಾವಿಯಿಂದ ನೀರು ಸೇದಿ ಕೊಡ ಎತ್ತಿ ತಂದಳು. ಅತ್ತೆ "ಬೇಡವೇ, ಬೇಡ!" ಅಂತ ಅಡ್ಡ ಬಂದರೂ ನಿಲ್ಲದೆ, ಕೋಟು ಹಿಡಿದು ನಿಂತಿದ್ದ ಗಂಡನ ತಲೆ ಮೇಲೆ ಪೂರ್ತಿ ಸುರಿದಳು.

ನಮ್ಮೂರಿನವನಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಲವಜಿ ನೀರು ಸೋರುತ್ತಾ ತಾಯಿಯನ್ನು ನೋಡಿದ, ತಾಯಿ ಇದ್ದಾಳೆ. ಹೆಂಡತಿಯನ್ನು ನೋಡಿದ, ಹೆಂಡತಿ ಇದ್ದಾಳೆ. ಆ ಮನೆಯಲ್ಲಿ ಇನ್ನೊಬ್ಬರೇ ಇದ್ದದ್ದು.

"ಇವತ್ತಾ?" ಅಂದ. "ನೀವು ಹೋದ ಎರಡನೇ ವರ್ಷ" ಅಂದಳು ಉಜಮ್.

ಅವನು ಒದ್ದೆ ನೆಲದ ಮೇಲೆ ಕುಸಿದ. ಮಾಣೆಕ ಎದೆ ಎದೆ ಬಡಿದುಕೊಂಡು "ನಂದೇ ತಪ್ಪು ಕಣೋ, ನಾನೇ ಬಾಯಿ ಕಟ್ಟಿದ್ದು" ಅಂತ ಗೋಳಾಡಿದಳು. ಅವನು ಅದನ್ನು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಬಾಗಿಲಲ್ಲಿ ಓಣಿಯ ಹೆಂಗಸರು ನಾವು ಒಬ್ಬೊಬ್ಬರಾಗಿ ಬಂದು ಮುಖಕ್ಕೆ ಸೆರಗೆಳೆದುಕೊಂಡು ಕೂತೆವು.

ಲವಜಿ ಹೆಂಡತಿಯ ಕೈ ಹಿಡಿದ. "ಹೋಗೋವಾಗ... ನನ್ನ ಕೇಳಿದ್ನಾ? ಅಪ್ಪ ಎಲ್ಲಿ ಅಂತ?"

ಹೂಂ ಅಂದರೆ ಮುಗಿಯುತ್ತಿತ್ತು. ಅಷ್ಟೊಂದು ಸುಳ್ಳು ಹೇಳಿದವಳಿಗೆ ಇನ್ನೊಂದು ಭಾರವೇ? ಬಾಗಿಲಲ್ಲಿದ್ದ ನಾವೆಲ್ಲ ಮನಸ್ಸಿನಲ್ಲೇ ಅಂದುಕೊಂಡೆವು, ಅನ್ನೇ ತಾಯಿ, ಹೂಂ ಅನ್ನು.

ಉಜಮ್ ಅವನ ಮುಖವನ್ನೇ ನೋಡಿದಳು.

"ಇಲ್ಲ" ಅಂದಳು. "ನಿಮ್ಮ ಗುರುತೇ ಇರ್ಲಿಲ್ಲ ಅವನಿಗೆ."